ಮುನ್ನೂರು ಅಡಿ ಬಿದ್ದೆದ್ದ ಯೋಧ

ಪ್ರಶ್ನೆ: ನಾನು ಗೆಳೆಯರಿಗಾಗಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ಆಟ ನಡೆಸುತ್ತೇನೆ; ಪ್ರತಿಯೊಬ್ಬರೂ ಒಂದು ಕಾಲ್ಪನಿಕ ಪಾತ್ರವಾಗಿ, ದಾಳ ಉರುಳಿಸಿ ಆಡುವ ಕಥೆಯಾಟ ಅದು. ಕಳೆದ ಬಾರಿ ಒಬ್ಬರ ಯೋಧ 300 ಅಡಿ ಎತ್ತರದ ಬಂಡೆಯಿಂದ ಬೇಕೆಂದೇ ಧುಮುಕಿ, ಎದ್ದು ನಿಂತು ಕತ್ತಿ ಹಿರಿದ. ನಿಯಮದಲ್ಲಿ ತಪ್ಪಿರಲಿಲ್ಲ, ಆದರೆ ಆಡುತ್ತಿದ್ದ ಯಾರಿಗೂ ಅದು ನಂಬುವಂತಿರಲಿಲ್ಲ. ಇದನ್ನು ನಿಜಕ್ಕೆ ಹತ್ತಿರ ತರುವುದು ಹೇಗೆ? ಹಾರಬಲ್ಲ ಮಾಂತ್ರಿಕ ಕೊನೆಯ ಕ್ಷಣದಲ್ಲಿ ಹಿಡಿದುಕೊಂಡರೆ ಬೀಳುವವನು ಬದುಕುತ್ತಾನೆಯೇ?

ಉತ್ತರ: ಬಿದ್ದ ಪ್ರತಿ 10 ಅಡಿಗೆ ಆರು ಮುಖದ ಒಂದು ದಾಳ, ಹೆಚ್ಚೆಂದರೆ 20 ದಾಳ ಉರುಳಿಸಿ, ಬಂದ ಮೊತ್ತದಷ್ಟು ಪೆಟ್ಟು ಎಂಬ ನಿಯಮವನ್ನು ಪೂರ್ತಿ ತಳ್ಳಿಹಾಕಬೇಡಿ. ಎತ್ತರ ಇಮ್ಮಡಿಯಾದಾಗ ವೇಗ ಇಮ್ಮಡಿಯಾಗುವುದಿಲ್ಲವಾದರೂ, ಗಾಳಿಯ ತಡೆಯನ್ನು ಬದಿಗಿಟ್ಟರೆ, ಅಪ್ಪಳಿಸುವ ಶಕ್ತಿ ಇಮ್ಮಡಿಯಾಗುತ್ತದೆ. ಆದ್ದರಿಂದ ಅಡಿಗೆ ತಕ್ಕಂತೆ ದಾಳ ಕೂಡಿಸುತ್ತ ಹೋಗುವುದು ಭೌತಶಾಸ್ತ್ರಕ್ಕೂ ಒಪ್ಪುವ ಮಾತು. ತೊಡಕಿರುವುದು ಆ 20ರ ಮಿತಿಯಲ್ಲಿ. ಇಪ್ಪತ್ತು ದಾಳಗಳ ಸರಾಸರಿ 70 ಮಾತ್ರ, ನೂರು ದಾಟಿದ ಹಿಟ್ ಪಾಯಿಂಟ್ (ಪೆಟ್ಟು ತಾಳುವ ಶಕ್ತಿಯ ಅಂಕ) ಇರುವ ಯೋಧನಿಗೆ ಅದು ತಡೆದುಕೊಳ್ಳಬಹುದಾದ ಪೆಟ್ಟು.

ಗಾಳಿಯ ತಡೆಯಿಂದಾಗಿ ವೇಗ ಒಂದು ಹಂತದಲ್ಲಿ ನಿಂತುಬಿಡುತ್ತದೆ, ಮಿತಿ ಇರುವುದು ಅದಕ್ಕೇ ಎಂದು ಅನೇಕರು ಸಮರ್ಥಿಸುತ್ತಾರೆ. ಅಂಥ ಅಂತಿಮ ವೇಗ ಇರುವುದು ನಿಜ; ಕೈಕಾಲು ಚಾಚಿ ಬೋರಲಾಗಿ ಬೀಳುವ ಮನುಷ್ಯನಿಗೆ ಅದು ಗಂಟೆಗೆ ಸುಮಾರು 195 ಕಿಲೋಮೀಟರ್. ಆದರೆ 200 ಅಡಿ ಬಿದ್ದವನ ವೇಗ ಇನ್ನೂ ಗಂಟೆಗೆ 110 ಕಿಲೋಮೀಟರಿನ ಆಸುಪಾಸಿನಲ್ಲೇ ಇರುತ್ತದೆ. ಅಂತಿಮ ವೇಗದಲ್ಲಿರುವ ಶಕ್ತಿ, ಗಾಳಿಯೇ ಇಲ್ಲದೆಡೆ ಸುಮಾರು 490 ಅಡಿ ಬಿದ್ದಾಗ ಬರುವ ಶಕ್ತಿಗೆ ಸಮ. ಹಾಗಾಗಿ ಮಿತಿ ಬೇಕೇ ಬೇಕೆಂದಾದರೆ 50 ದಾಳ ಎಂದಿಡಿ. ನಿಮ್ಮ ಯೋಧನಿಗೆ ಆಗ 30 ದಾಳ ಬೀಳುತ್ತಿದ್ದವು, ಸರಾಸರಿ 105.

ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಬಿದ್ದದ್ದು ಎಂಥ ನೆಲದ ಮೇಲೆ ಎಂದು ನಿಯಮ ಕೇಳದಿರುವುದು. ಮೈಗೆ ಪೆಟ್ಟಾಗುವುದು ಬಿದ್ದುದರಿಂದಲ್ಲ, ತಟ್ಟನೆ ನಿಂತುದರಿಂದ. ಬಿದ್ದ ಎತ್ತರವನ್ನು, ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ ನೋಡಿ: 6 ಮೀಟರ್ ಬಿದ್ದವನು ಕಲ್ಲುಹಾಸಿನ ಮೇಲೆ 5 ಸೆಂಟಿಮೀಟರಿನೊಳಗೆ ನಿಂತರೆ ಗುರುತ್ವದ 120 ಪಟ್ಟು ಹೊಡೆತ, ಹುಲ್ಲಿನ ಬಣವೆಯಲ್ಲಿ ಅರ್ಧ ಮೀಟರ್ ಹೂತು ನಿಂತರೆ ಬರೀ 12 ಪಟ್ಟು. 1944ರಲ್ಲಿ ಬ್ರಿಟಿಷ್ ವಾಯುಪಡೆಯ ನಿಕೋಲಸ್ ಆಲ್ಕ್‌ಮೇಡ್ ಉರಿಯುತ್ತಿದ್ದ ವಿಮಾನದಿಂದ, ಸುಮಾರು 18,000 ಅಡಿ ಎತ್ತರದಲ್ಲಿ, ಪ್ಯಾರಾಚೂಟ್ ಇಲ್ಲದೆ ಹಾರಿದರು. ಪೈನ್ ಮರಗಳ ಕೊಂಬೆಗಳೂ ಕೆಳಗಿನ ಮೆತ್ತನೆಯ ಹಿಮವೂ ಅವರನ್ನು ಹಂತಹಂತವಾಗಿ ತಡೆದವು, ಅವರು ಬದುಕಿದರು.

ಆದ್ದರಿಂದ ನಾನು ಆಟ ನಡೆಸುವಾಗ ದಾಳ ಎತ್ತುವ ಮೊದಲೇ ಕೆಳಗೆ ಏನಿದೆ ಎಂದು ಹೇಳಿಬಿಡುತ್ತೇನೆ. ಬಂಡೆಯಾದರೆ ಪೂರ್ತಿ ದಾಳ, ಪೊದೆ ಅಥವಾ ಕೆಸರಾದರೆ ಅರ್ಧ, ಆಳವಾದ ಹಿಮವಾದರೆ ಕಾಲುಭಾಗ. ಇವು ನನ್ನ ಅಂದಾಜಿನ ಅಂಕಿಗಳು, ಆದರೆ ಇವು ಬಂದಮೇಲೆ ಆಟಗಾರರು ಧುಮುಕುವ ಮುನ್ನ ಅಂಚಿನಿಂದ ಬಗ್ಗಿ ನೋಡತೊಡಗಿದ್ದಾರೆ, ಅದು ನನಗೆ ತುಂಬ ಸಂತೋಷ ಕೊಟ್ಟಿದೆ.

ಬೀಳುವವರನ್ನು ನಿಧಾನವಾಗಿ ಇಳಿಸುವ, ಈ ಆಟದ ಫೆದರ್ ಫಾಲ್ ಮಂತ್ರ ಈ ಲೆಕ್ಕಕ್ಕೆ ಸೊಗಸಾಗಿ ಹೊಂದುತ್ತದೆ. 6 ಸೆಕೆಂಡಿನ ಒಂದು ಸುತ್ತಿಗೆ 60 ಅಡಿ ಇಳಿಯುವುದೆಂದರೆ ಸೆಕೆಂಡಿಗೆ 10 ಅಡಿ. ಒಂದೂವರೆ ಅಡಿಯ ಮೆಟ್ಟಿಲಿನಿಂದ ನೆಗೆದಾಗಲೂ ನೆಲ ಮುಟ್ಟುವ ವೇಗ ಇಷ್ಟೇ.

ನಿಮ್ಮ ಮಾಂತ್ರಿಕನಿಗೂ ಇದೇ ಅನ್ವಯಿಸುತ್ತದೆ. 100 ಅಡಿ ಬಿದ್ದವನನ್ನು ಅವನು ನೆಲದ ಸಮೀಪ ನಿಶ್ಚಲವಾಗಿ ನಿಂತು, ತೋಳು ಬಗ್ಗುವ ಅರ್ಧ ಮೀಟರಿನಲ್ಲಿ ಹಿಡಿದು ನಿಲ್ಲಿಸಿದರೆ 60 ಪಟ್ಟು ಹೊಡೆತ ಬೀಳುತ್ತದೆ, ಆ ತೋಳುಗಳೇ ಬಂಡೆಯಂತಾಗುತ್ತವೆ. ಅವನು ಬೀಳುವವನ ಜೊತೆಜೊತೆಗೇ ಕೆಳಗೆ ಹಾರಿ, ಹಿಡಿದ ಮೇಲೆ ಇನ್ನೂ 30 ಅಡಿ ಇಳಿಯುತ್ತ ವೇಗ ತಗ್ಗಿಸಿದರೆ ಅದು ಸುಮಾರು 3.3 ಪಟ್ಟಿಗೆ ಇಳಿಯುತ್ತದೆ. ಹಾಗಾಗಿ ನೆಲಕ್ಕೆ 30 ಅಡಿಗಿಂತ ಹೆಚ್ಚು ಉಳಿದಿರುವಾಗಲೇ ಹಿಡಿದರೆ ಒಂದೂ ದಾಳ ಬೇಡ. ಅದಕ್ಕಿಂತ ತಡವಾದರೆ ದಾಳಗಳನ್ನು ಇಬ್ಬರಿಗೂ ಹಂಚಿ.