ಮುಳುಗಿದ ಹಡಗಿನ ಚಿತ್ರ ನಿಜವೆನಿಸಬೇಕಾದರೆ ಮೊದಲು ನೀರನ್ನು ಕಟ್ಟಬೇಕು

ಕಂಪ್ಯೂಟರ್‌ನಲ್ಲಿ ಕಟ್ಟಿದ ಹಡಗಿನ 3ಡಿ ಮಾಡೆಲ್ ಎಷ್ಟೇ ಸೂಕ್ಷ್ಮವಾಗಿದ್ದರೂ ರೆಂಡರ್ ಆದಾಗ, ಅಂದರೆ ಅಂತಿಮ ಚಿತ್ರವಾಗಿ ಮೂಡಿದಾಗ, ಅದು ಮೀನಿನ ತೊಟ್ಟಿಯಲ್ಲಿಟ್ಟ ಆಟಿಕೆಯಂತೆ ಕಾಣುತ್ತದೆ, ಇನ್ನೂ ಉತ್ತಮ ಮಾಡೆಲ್ ಕೊಳ್ಳಲೇ ಅಥವಾ ಸಾಫ್ಟ್‌ವೇರ್ ಬದಲಿಸಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ಇದೇ ಗೊಂದಲದಲ್ಲಿ ನಾನು ನಾಲ್ಕು ತಿಂಗಳು ಕಳೆದಿದ್ದೇನೆ.

ಒಂದು ವಸ್ತುಪ್ರದರ್ಶನಕ್ಕಾಗಿ, 30 ಮೀಟರ್ ಆಳದಲ್ಲಿ ಮಲಗಿರುವ ಉಕ್ಕಿನ ಸರಕು ಹಡಗಿನ ಒಂದು ನಿಮಿಷದ ದೃಶ್ಯವನ್ನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಡಲು ಒಪ್ಪಿಕೊಂಡಿದ್ದೆ. ರಿವೆಟ್ಟುಗಳನ್ನೂ ಬಿಡದೆ ಕಟ್ಟಿದೆ. ತುಕ್ಕು ಮಾತ್ರ ಅಪ್ಪಟವಾಗಿರಬೇಕೆಂಬ ಹಟದಿಂದ, ನಿಜವಾದ ಹಡಗುಗಳ ಅವಶೇಷಗಳನ್ನು ನೀರಿನೊಳಗೇ ತೆಗೆದ ಫೋಟೋಗಳನ್ನು ಅನುಮತಿ ಪಡೆದು ತಂದು, ಅವನ್ನೇ ಟೆಕ್ಸ್ಚರ್ ಆಗಿ, ಅಂದರೆ ಮಾಡೆಲಿನ ಮೇಲ್ಮೈಯ ಚಿತ್ರವಾಗಿ, ಹೊದಿಸಿದೆ. ಆಮೇಲೆ ಸುತ್ತಲೂ ಬೆಳಕನ್ನು ಹೀರಿ ಚದುರಿಸುವ ಮಾಧ್ಯಮವನ್ನು ಸೃಷ್ಟಿಸುವ ವಾಲ್ಯೂಮ್ ಶೇಡರ್‌ನಿಂದ ನೀರು ತುಂಬಿಸಿದೆ. ಎಲ್ಲವೂ ಮಂಕಾದ ಹಸಿರು ಕೆಸರಿನಂತಾಯಿತು. ಅದನ್ನು ಸರಿಪಡಿಸಲು ನೀರಿನ ಸಾಂದ್ರತೆ ಇಳಿಸಿದೆ, ಕಾಂಟ್ರಾಸ್ಟ್ ಏರಿಸಿದೆ, ಮೇಲಿನಿಂದ ಬಿಸಿಲಿನ ಕೋಲುಗಳನ್ನು ಇಳಿಬಿಟ್ಟೆ; ಒಂದೊಂದು ಉಪಾಯಕ್ಕೂ ಹಡಗು ಇನ್ನಷ್ಟು ಆಟಿಕೆಯಾಗುತ್ತ ಹೋಯಿತು.

ದೃಶ್ಯದ ಕೊನೆಯಲ್ಲಿ ಡೈವರ್ ಒಬ್ಬ ಟಾರ್ಚ್ ಹಿಡಿದು ಸರಕು ತುಂಬುವ ಕೋಣೆಯೊಳಗೆ ಹೋಗುತ್ತಾನೆ. ಅದನ್ನು ನೋಡಿದ ಅನುಭವಿ ಡೈವರ್ ಒಬ್ಬರು ಕೇಳಿದ್ದು ಒಂದೇ ಮಾತು: "ಟಾರ್ಚ್ ಅಷ್ಟು ಹತ್ತಿರ ಬಂದರೂ ನಿಮ್ಮ ತುಕ್ಕು ಯಾಕೆ ಕೆಂಪಾಗಲಿಲ್ಲ?"

ಆ ಪ್ರಶ್ನೆಯಲ್ಲೇ ನನ್ನ ತಪ್ಪು ಪೂರ್ತಿಯಾಗಿ ಇತ್ತು. ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ನೀರಿನೊಳಗಿನ ಫೋಟೋದಲ್ಲಿ ಇರುವುದು ತುಕ್ಕಿನ ಬಣ್ಣವಲ್ಲ, ತುಕ್ಕಿನ ಬಣ್ಣದಿಂದ ನೀರು ತಿಂದು ಉಳಿಸಿದ್ದು. ಅದರ ಮೇಲೆ ನಾನು ಮತ್ತೆ ನೀರು ಸುರಿದಿದ್ದೆ, ಅಂದರೆ ಒಂದೇ ಕೆಂಪನ್ನು ಎರಡು ಸಲ ಕಳೆದಿದ್ದೆ. ಶುದ್ಧ ನೀರು 650 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕನ್ನು ಹೀರುವ ಗುಣಾಂಕ ಪ್ರತಿ ಮೀಟರ್‌ಗೆ ಸುಮಾರು 0.34, ಅಂದರೆ ಒಂದೊಂದು ಮೀಟರ್‌ಗೂ ಉಳಿದ ಕೆಂಪಿನಲ್ಲಿ ಶೇ. 29ರಷ್ಟು ಕಳೆಯುತ್ತದೆ, ಹೀಗಾಗಿ ಹತ್ತು ಮೀಟರ್ ದಾಟುವಷ್ಟರಲ್ಲಿ ಆ ಕೆಂಪಿನಲ್ಲಿ ಶೇ. 3ರಷ್ಟು ಮಾತ್ರ ಉಳಿಯುತ್ತದೆ, 450 ನ್ಯಾನೋಮೀಟರ್‌ನ ನೀಲಿಯಾದರೋ ಶೇ. 90ಕ್ಕಿಂತ ಹೆಚ್ಚು ಉಳಿದಿರುತ್ತದೆ. ಆದರೆ ಟಾರ್ಚನ್ನು ಗೋಡೆಗೆ ಒಂದು ಮೀಟರ್ ಹತ್ತಿರ ಹಿಡಿದರೆ ಬೆಳಕು ಹೋಗಿ ಬರುವ ದಾರಿ ಎರಡೇ ಮೀಟರ್, ಅರ್ಧದಷ್ಟು ಕೆಂಪು ಉಳಿದುಬಿಡುತ್ತದೆ. ದೂರದಿಂದ ಬೂದಿ ಬಣ್ಣವಾಗಿದ್ದ ಕಬ್ಬಿಣ ಬೆಳಕು ಸಮೀಪಿಸಿದಂತೆ ಕಿತ್ತಳೆಗೆ, ಕೆಂಪಿಗೆ ತಿರುಗುತ್ತದೆ. ಈ ಬದಲಾವಣೆಯಿಂದಲೇ ನೋಡುವವರ ಕಣ್ಣು ಅಲ್ಲಿ ನೀರಿದೆ ಎಂದು ನಂಬುತ್ತದೆ. ನನ್ನ ಟೆಕ್ಸ್ಚರ್‌ನಲ್ಲಿ ಕೆಂಪು ಆಗಲೇ ಬಹುತೇಕ ಸೊನ್ನೆಯಾಗಿತ್ತು. ಸೊನ್ನೆಯನ್ನು ಎಷ್ಟು ಬೆಳಕಿನಿಂದ ಗುಣಿಸಿದರೂ ಸೊನ್ನೆಯೇ.

ಗಡುವು ಮೀರಿತ್ತು, ಆ ಕೆಲಸ ಕೈತಪ್ಪಿತು. ಆದರೂ ಎಲ್ಲ ಟೆಕ್ಸ್ಚರ್‌ಗಳನ್ನೂ ಕಿತ್ತುಹಾಕಿ, ನೆಲದ ಮೇಲೆ ಬಿದ್ದಿದ್ದ ತುಕ್ಕು ಹಿಡಿದ ಕಬ್ಬಿಣವನ್ನು ಮೋಡ ಕವಿದ ದಿನದ ಸಮ ಬೆಳಕಿನಲ್ಲಿ ಚಿತ್ರಿಸಿಕೊಂಡು ಮತ್ತೆ ಹೊದಿಸಿದೆ. ನೀರಿಲ್ಲದೆ ನೋಡಿದರೆ ಹಡಗು ಕಣ್ಣಿಗೆ ಚುಚ್ಚುವಷ್ಟು ಕೆಂಪಾಗಿತ್ತು. ಅದನ್ನು ಹಾಗೆಯೇ ಬಿಡುವ ಧೈರ್ಯ ಬೇಕು, ಉಳಿದ ಕೆಲಸ ನೀರಿನದು. ನೀರಿನೊಳಗಿನ ಫೋಟೋಗಳನ್ನೇ ಬಳಸಬೇಕಾಗಿ ಬಂದರೆ ಮೊದಲು ಅವುಗಳಿಂದ ನೀರನ್ನು ತೆಗೆಯಿರಿ. ಸಂಶೋಧಕರಾದ ದೆರ್ಯಾ ಅಕ್ಕೈನಾಕ್ ಮತ್ತು ತಾಲಿ ಟ್ರೈಬಿಟ್ಜ್ 2019ರಲ್ಲಿ ಪ್ರಕಟಿಸಿದ ಸೀ-ಥ್ರೂ ವಿಧಾನ ಇದಕ್ಕೆಂದೇ ಇದೆ.

ನೀವು ಹೇಳಿರುವ ಇನ್ನೊಂದು ಆಸೆಯನ್ನು, ಅಂದರೆ ಟೈಟಾನಿಕ್‌ನಂತೆ ಆಳದಲ್ಲಿರುವ ಇಡೀ ಹಡಗು ನೀಲಿ ಬೆಳಕಿನಲ್ಲಿ ಒಂದೇ ಚೌಕಟ್ಟಿನಲ್ಲಿ ಸ್ಪಷ್ಟವಾಗಿ ಕಾಣಬೇಕೆಂಬುದನ್ನು, ನಾನು ಒಪ್ಪುವುದಿಲ್ಲ. ಟೈಟಾನಿಕ್ ಇರುವುದು ಸುಮಾರು 3,800 ಮೀಟರ್ ಆಳದಲ್ಲಿ. ಸಾವಿರ ಮೀಟರ್‌ನ ಕೆಳಗೆ ಬಿಸಿಲೇ ತಲುಪುವುದಿಲ್ಲ. 269 ಮೀಟರ್ ಉದ್ದದ ಆ ಹಡಗು ಎರಡಾಗಿ ಮುರಿದು, ಮುಂಭಾಗ ಮತ್ತು ಹಿಂಭಾಗ ಸುಮಾರು 600 ಮೀಟರ್ ಅಂತರದಲ್ಲಿ ಬಿದ್ದಿವೆ. 2022ರಲ್ಲಿ ಅದರ ಪೂರ್ಣ ಡಿಜಿಟಲ್ ಪ್ರತಿಗಾಗಿ ಏಳು ಲಕ್ಷ ಚಿತ್ರಗಳನ್ನು ಜೋಡಿಸಬೇಕಾಯಿತೆಂದರೆ, ಆ ನೋಟ ಯಾರ ಕಣ್ಣಿಗೂ ನೇರವಾಗಿ ಸಿಕ್ಕಿಲ್ಲವೆಂದೇ ಅರ್ಥ. ಕತ್ತಲೆಯಿಂದ ದೀಪದ ವೃತ್ತಕ್ಕೆ ಬಂದು ಮತ್ತೆ ಕತ್ತಲಾಗುವ ಹಡಗಿನ ಅಂಚಿನ ಒಂದು ಕಟಕಟೆಯನ್ನು ಮಾತ್ರ ತೋರಿಸಿ. ದೀಪವನ್ನು ಕ್ಯಾಮೆರಾದಿಂದ ಪಕ್ಕಕ್ಕೆ ದೂರವಿಡಿ, ಇಲ್ಲವಾದರೆ ತೇಲುವ ಕಣಗಳೆಲ್ಲ ಲೆನ್ಸಿನ ಮುಂದೆ ಹೊಳೆದು ಹಡಗನ್ನೇ ಮುಚ್ಚಿಬಿಡುತ್ತವೆ. ಮರದ ಹಡಗಾದರೆ ಯಾವ ಸಮುದ್ರವೆಂದು ಮೊದಲು ನಿರ್ಧರಿಸಿ: ಮರ ಕೊರೆಯುವ ಹುಳುಗಳಿಲ್ಲದ ಅಂಟಾರ್ಕ್ಟಿಕಾದ ನೀರಿನಲ್ಲಿ, 3,008 ಮೀಟರ್ ಆಳದಲ್ಲಿ, ಎಂಡ್ಯೂರೆನ್ಸ್ ಎಂಬ ಮರದ ಹಡಗು ತಾನು ಮುಳುಗಿದ 1915ರಿಂದಲೂ ಬಹುಮಟ್ಟಿಗೆ ಹಾಗೆಯೇ ನಿಂತಿದೆ.

ಈಗ ನಿಮ್ಮ ಹಡಗನ್ನು ದೃಶ್ಯದಿಂದ ಅಡಗಿಸಿಡಿ. ಸಾಫ್ಟ್‌ವೇರ್‌ನಲ್ಲಿ ದೃಶ್ಯದ ಅಳತೆಯ ಒಂದು ಯೂನಿಟ್ ಒಂದು ಮೀಟರ್ ಎಂದು ಖಚಿತಪಡಿಸಿಕೊಂಡು, ಕ್ಯಾಮೆರಾದಿಂದ 1, 3, 6 ಮತ್ತು 10 ಮೀಟರ್ ದೂರದಲ್ಲಿ ನಾಲ್ಕು ಕೆಂಪು ಚೆಂಡುಗಳನ್ನಿಟ್ಟು, ಕ್ಯಾಮೆರಾದ ಪಕ್ಕದ ದೀಪವೊಂದನ್ನೇ ಹೊತ್ತಿಸಿ ರೆಂಡರ್ ಮಾಡಿ. ಮೊದಲನೆಯದು ಕೆಂಪಾಗಿಯೂ ಕೊನೆಯದು ಹೆಚ್ಚುಕಡಿಮೆ ಕಪ್ಪಾಗಿಯೂ ಕಂಡ ದಿನ ಹಡಗನ್ನು ವಾಪಸು ತನ್ನಿ.