ಫೌಂಡೇಶನ್ ಅನುದಾನ: ಯಾರನ್ನು ಕೇಳಬೇಕು, ಎಷ್ಟು ಕೇಳಬೇಕು?

ಕುಟುಂಬಗಳು ಸ್ವಂತ ಹಣದಿಂದ ನಡೆಸುವ ಖಾಸಗಿ ಫೌಂಡೇಶನ್‌ಗಳಿಂದ ಸ್ವಯಂಸೇವಾ ಸಂಸ್ಥೆಗಳು ಅನುದಾನ ಪಡೆಯುವುದು ಹೇಗೆಂದು ಕೇಳಿ ಬೆಂಗಳೂರಿನ ಓದುಗರು ಬರೆದ ಪತ್ರಗಳಿಗೆ ಈ ಬಾರಿ ಉತ್ತರ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಸೆಕ್ಷನ್‌ಗಳ ಸಂಖ್ಯೆ ಬದಲಾಗಿದೆ. ಆದರೂ ಎಲ್ಲರ ಬಾಯಲ್ಲಿ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ), 80ಜಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ) ಎಂದೇ ಉಳಿದಿರುವುದರಿಂದ ಇಲ್ಲೂ ಹಾಗೇ ಬರೆದಿದ್ದೇವೆ.

ಪ್ರಶ್ನೆ: ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಸಂಜೆ ಪಾಠದ ಮೂರು ಕೇಂದ್ರ ನಡೆಸುತ್ತಿದ್ದೇವೆ. 22 ಪುಟದ ಪ್ರಸ್ತಾವ ಸಿದ್ಧಪಡಿಸಿ, ವಿಳಾಸ ಸಿಕ್ಕ ಫೌಂಡೇಶನ್‌ಗಳಿಗೆಲ್ಲ ಇ-ಮೇಲ್ ಮಾಡಿದೆವು. ಒಬ್ಬರೂ ಉತ್ತರಿಸಲಿಲ್ಲ. ಎಲ್ಲಿ ತಪ್ಪಿದೆವು?
— ಟ್ರಸ್ಟ್ ಒಂದರ ಕಾರ್ಯದರ್ಶಿ, ಕೆಂಗೇರಿ

ಉತ್ತರ: ಪ್ರಸ್ತಾವ ಬರೆಯುವ ಮೊದಲೇ, ಪಟ್ಟಿ ಮಾಡುವಾಗಲೇ ತಪ್ಪಿದ್ದೀರಿ. ಹೆಸರಿನಲ್ಲಿ ಫೌಂಡೇಶನ್ ಎಂದಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಬಗೆಯವಲ್ಲ. ಇನ್ಫೋಸಿಸ್ ಫೌಂಡೇಶನ್, ಬಯೋಕಾನ್ ಫೌಂಡೇಶನ್ ಕಂಪನಿಗಳ ಸಿಎಸ್‌ಆರ್ ಹಣ (ಕಂಪನಿ ತನ್ನ ಲಾಭದಲ್ಲಿ ಸಮಾಜಕ್ಕೆಂದು ಖರ್ಚು ಮಾಡುವ ಪಾಲು) ನಿರ್ವಹಿಸುತ್ತವೆ. ಅಲ್ಲಿ ಕಂಪನಿ ಕಾಯ್ದೆಯ 135ನೇ ಸೆಕ್ಷನ್, ಆ ಹಣ ಯಾವುದಕ್ಕೆ ಬಳಸಬಹುದೆಂದು ಹೇಳುವ ಏಳನೇ ಅನುಸೂಚಿ, ಹಣ ಪಡೆಯುವ ಸಂಸ್ಥೆಯ ಸಿಎಸ್‌ಆರ್-1 ನೋಂದಣಿ ಎಲ್ಲ ಲೆಕ್ಕಕ್ಕೆ ಬರುತ್ತವೆ. ಅಜೀಂ ಪ್ರೇಮ್‌ಜಿ ಫೌಂಡೇಶನ್, ರೋಹಿಣಿ ನಿಲೇಕಣಿ ಫಿಲಾಂತ್ರಪೀಸ್‌ನಂಥವು ವ್ಯಕ್ತಿ ಅಥವಾ ಕುಟುಂಬದ ಸ್ವಂತ ಸಂಪತ್ತಿನಿಂದ ನಡೆಯುವಂಥವು. ಯಾವ ವಿಷಯಕ್ಕೆ ಕೊಡಬೇಕು, ಎಷ್ಟು ವರ್ಷ ಕೊಡಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ, ಮತ್ತು ಒಮ್ಮೆ ತೀರ್ಮಾನಿಸಿದ ಮೇಲೆ ಸುಲಭಕ್ಕೆ ಬದಲಿಸುವುದಿಲ್ಲ. ಅರ್ಘ್ಯಂ 2001ರಲ್ಲಿ ರೋಹಿಣಿ ನಿಲೇಕಣಿ ಅವರ ಸ್ವಂತ ಹಣದಿಂದ ಶುರುವಾಯಿತು. 2005ರಿಂದ ಅದರ ವಿಷಯ ನೀರು. ಅಂಥ ಕಡೆಗೆ ಸಂಜೆ ಪಾಠದ ಪ್ರಸ್ತಾವ ಕಳಿಸಿದರೆ ಓದುವವರಿಗೂ ಬೇಜಾರು, ನಿಮಗೂ ಬೇಜಾರು.

ಪ್ರತಿ ಫೌಂಡೇಶನ್‌ನ ವಾರ್ಷಿಕ ವರದಿ ತೆಗೆದು, ಅನುದಾನ ಪಡೆದವರ ಪಟ್ಟಿ ಇರುವ ಪುಟಕ್ಕೆ ನೇರವಾಗಿ ಹೋಗಿ. ನಿಮ್ಮ ವಿಷಯಕ್ಕೆ ಕೊಟ್ಟಿದ್ದಾರೆಯೇ, ಬೆಂಗಳೂರು ನಗರದಲ್ಲಿ ಕೊಟ್ಟಿದ್ದಾರೆಯೇ, ನಿಮ್ಮ ಗಾತ್ರದ ಸಂಸ್ಥೆಗೆ ಕೊಟ್ಟಿದ್ದಾರೆಯೇ ನೋಡಿ. ಮೂರಕ್ಕೂ ಹೌದು ಎಂದಾದರೆ ಮಾತ್ರ ಪಟ್ಟಿಯಲ್ಲಿಡಿ. ನಲವತ್ತಿದ್ದದ್ದು ಐದಾರಕ್ಕೆ ಇಳಿದರೆ ಅದು ಒಳ್ಳೆಯ ಪಟ್ಟಿ. 'ನಾವೇ ಹುಡುಕಿಕೊಳ್ಳುತ್ತೇವೆ, ಅರ್ಜಿ ಕಳಿಸಬೇಡಿ' ಎಂದು ಕೆಲವರು ವೆಬ್‌ಸೈಟಿನಲ್ಲೇ ಬರೆದಿರುತ್ತಾರೆ. ಅವರಿಗೆ ಕಳಿಸಬೇಡಿ. ಅವರ ಹಣದಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಸಂಸ್ಥೆಯವರನ್ನು ಪರಿಚಯ ಮಾಡಿಕೊಂಡು, ನಿಮ್ಮ ಕೇಂದ್ರ ನೋಡಲು ಕರೆಯಿರಿ. ಆ ದಾರಿ ನಿಧಾನ, ಆದರೆ ಇರುವುದು ಅದೊಂದೇ.

22 ಪುಟವನ್ನು ಪಕ್ಕಕ್ಕಿಟ್ಟು ಎರಡು ಪುಟದ ಟಿಪ್ಪಣಿ ಬರೆಯಿರಿ. ನೀವು ಲಗತ್ತಿಸಿದ ಪ್ರಸ್ತಾವ 'ವಂಚಿತ ಮಕ್ಕಳ ಸರ್ವಾಂಗೀಣ ವಿಕಾಸಕ್ಕೆ ನಮ್ಮ ಸಂಸ್ಥೆ ಕಂಕಣಬದ್ಧವಾಗಿದೆ' ಎಂದು ಶುರುವಾಗುತ್ತದೆ. ಹೆಸರು ಬದಲಿಸಿದರೆ ಈ ವಾಕ್ಯ ಯಾವ ಸಂಸ್ಥೆಗೂ ಹೊಂದುತ್ತದೆ. ನಿಮ್ಮ ಪತ್ರದಲ್ಲಿರುವ ವಿವರಗಳಿಂದಲೇ ಅದನ್ನು ಹೀಗೆ ಬರೆಯಬಹುದು: 'ಮೂರು ಕಾರ್ಮಿಕ ಶೆಡ್‌ಗಳ 120 ಮಕ್ಕಳು ಸಂಜೆ 4.30ರಿಂದ 7ರವರೆಗೆ ನಮ್ಮ ಕೇಂದ್ರಗಳಲ್ಲಿರುತ್ತಾರೆ. ಮನೆಮಾತು ತೆಲುಗು, ಹಿಂದಿ, ಒಡಿಯಾ; ಶಾಲೆ ಕನ್ನಡದ್ದು. ಸೈಟಿನ ಕೆಲಸ ಮುಗಿದರೆ ಕುಟುಂಬ ಬೇರೆಡೆ ಹೋಗುತ್ತದೆ. ಆದ್ದರಿಂದ ನಾವು ಅಳೆಯುವುದು ಎರಡನ್ನು: ಆರು ತಿಂಗಳಲ್ಲಿ ಎಷ್ಟು ಮಕ್ಕಳು ಎರಡನೇ ತರಗತಿಯ ಪಾಠ ಓದಬಲ್ಲವರಾದರು, ಊರು ಬಿಟ್ಟವರಲ್ಲಿ ಎಷ್ಟು ಮಕ್ಕಳು ಟಿ.ಸಿ. ತೆಗೆದುಕೊಂಡು ಮುಂದಿನ ಶಾಲೆ ಸೇರಿದರು.' ಎರಡನೇ ಪುಟದಲ್ಲಿ ಮುಂದಿನ 12 ತಿಂಗಳ ಕೆಲಸ, ಒಟ್ಟು ಖರ್ಚು, ಉಳಿದ ಹಣ ಯಾರಿಂದ ಬರುತ್ತದೆ, ಇವರಿಂದ ಬೇಕಾದ ಮೊತ್ತ ಎಷ್ಟು ಎಂದು ಬರೆದರೆ ಸಾಕು. ಮಕ್ಕಳ ಮುಖ ಕಾಣುವ ಫೋಟೊ ಬೇಡ. ಮೂರು ವಾರ ಬಿಟ್ಟು ಒಂದು ನೆನಪೋಲೆ ಕಳಿಸಿ, ಅದಕ್ಕೂ ಉತ್ತರ ಬರದಿದ್ದರೆ ಮುಂದಿನ ಹೆಸರಿಗೆ ಹೋಗಿ.

ಸಮಯದ ಮಾತೂ ಇದೆ. ತೆರಿಗೆ ವಿನಾಯಿತಿ ಇರುವ ಟ್ರಸ್ಟ್ ಸಾಮಾನ್ಯವಾಗಿ ತನ್ನ ವರ್ಷದ ಆದಾಯದ ಶೇ 85ರಷ್ಟನ್ನು ಮಾರ್ಚ್ 31ರೊಳಗೆ ಉದ್ದೇಶಕ್ಕೆ ಬಳಸಬೇಕು. ಫೌಂಡೇಶನ್ ಕೂಡ ಟ್ರಸ್ಟ್ ಆಗಿದ್ದರೆ ಇದು ಅದಕ್ಕೂ ಅನ್ವಯ. ಟ್ರಸ್ಟಿಗಳ ಸಭೆ ವರ್ಷಕ್ಕೆ ಕೆಲವೇ ಸಲ. ಜನವರಿಗೆ ಹಣ ಬೇಕಿದ್ದರೆ ಟಿಪ್ಪಣಿ ಜೂನ್-ಜುಲೈನಲ್ಲೇ ಹೋಗಿರಬೇಕು.

ಪ್ರಶ್ನೆ: ನಮ್ಮ ಟ್ರಸ್ಟ್‌ಗೆ ತಾತ್ಕಾಲಿಕ 12ಎ, 80ಜಿ ಇದೆ. ಟ್ರಸ್ಟಿಗಳು ನಾನು, ನನ್ನ ಪತಿ, ನನ್ನ ತಮ್ಮ. ಇಷ್ಟು ದಾಖಲೆ ಸಾಕೇ?
— ಓದುಗರು, ಯಲಹಂಕ

ಉತ್ತರ: ಕೇಳುವ ಕಾಗದಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ಟ್ರಸ್ಟ್ ಡೀಡ್, ಪ್ಯಾನ್, 12ಎ ಮತ್ತು 80ಜಿ ಆದೇಶ, ಮೂರು ವರ್ಷದ ಆಡಿಟ್ ಆದ ಲೆಕ್ಕ ಮತ್ತು ರಿಟರ್ನ್, ಎನ್‌ಜಿಒ ದರ್ಪಣ್ (ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಪೋರ್ಟಲ್) ಸಂಖ್ಯೆ, ಟ್ರಸ್ಟಿಗಳ ವಿವರ, ಅರ್ಜಿ ಹಾಕಲು ಅಧಿಕಾರ ಕೊಟ್ಟ ಠರಾವು, ರದ್ದು ಮಾಡಿದ ಚೆಕ್. ಸೊಸೈಟಿಯಾಗಿದ್ದರೆ ಮಹಾಸಭೆಯ ನಂತರ ಜಿಲ್ಲಾ ನೋಂದಣಾಧಿಕಾರಿಗೆ ಪ್ರತಿವರ್ಷ ಸಲ್ಲಿಸುವ ಪದಾಧಿಕಾರಿಗಳ ಪಟ್ಟಿಯನ್ನೂ ಕೇಳುತ್ತಾರೆ. ನಾಲ್ಕೈದು ವರ್ಷದ್ದನ್ನು ಒಟ್ಟಿಗೆ ಬಾಕಿ ಉಳಿಸಿಕೊಂಡ ಸಂಸ್ಥೆಗಳು ಸಿಕ್ಕಿಬೀಳುವುದು ಇಲ್ಲೇ.

ತಾತ್ಕಾಲಿಕ ನೋಂದಣಿ ಮೂರು ವರ್ಷಕ್ಕೆ. ಕೆಲಸ ಶುರುವಾದ ಆರು ತಿಂಗಳೊಳಗೆ ಅಥವಾ ಅವಧಿ ಮುಗಿಯಲು ಆರು ತಿಂಗಳು ಇರುವಾಗ, ಇವೆರಡರಲ್ಲಿ ಯಾವುದು ಮೊದಲೋ ಆಗ ಪೂರ್ಣ ನೋಂದಣಿಗೆ ಅರ್ಜಿ ಹಾಕಬೇಕೆಂಬುದು ಈ ತಾತ್ಕಾಲಿಕ ಆದೇಶಗಳ ಷರತ್ತು. 'ಇನ್ನೂ ಮೂರು ವರ್ಷ ಇದೆಯಲ್ಲ' ಎಂದು ಸುಮ್ಮನಿದ್ದು ಗಡುವು ತಪ್ಪಿಸಿಕೊಂಡವರು ಬಹಳ. ಇವತ್ತೇ ಆಡಿಟರ್‌ಗೆ ಫೋನ್ ಮಾಡಿ. ಇನ್ನೊಂದು ವಿಷಯ: ಫೌಂಡೇಶನ್ ಟ್ರಸ್ಟ್ ಆಗಿದ್ದರೆ ಅದಕ್ಕೆ ಮುಖ್ಯವಾಗಿ ಬೇಕಾದದ್ದು ನಿಮ್ಮ 12ಎ. 80ಜಿ ಪ್ರಯೋಜನ ಸಿಗುವುದು ಕುಟುಂಬದ ಸದಸ್ಯರು ಸ್ವಂತ ಖಾತೆಯಿಂದ ಕೊಟ್ಟಾಗ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ.

ಮೂವರೂ ಒಂದೇ ಮನೆಯವರಾದರೆ ಕಾನೂನಿನ ತೊಡಕಿಲ್ಲ, ಆದರೆ ಹೆಚ್ಚಿನ ಕಡೆ ಕಡತ ಅಲ್ಲೇ ನಿಲ್ಲುತ್ತದೆ. ನಿಮ್ಮ ಕ್ಷೇತ್ರ ಬಲ್ಲ, ಸಂಬಂಧಿಕರಲ್ಲದ ಇಬ್ಬರನ್ನಾದರೂ ಸೇರಿಸಿಕೊಳ್ಳಿ. ಚೆಕ್ಕಿಗೆ ಸಹಿ ಹಾಕುವ ಇಬ್ಬರು ಗಂಡ-ಹೆಂಡತಿ ಆಗಿರದಂತೆ ನೋಡಿಕೊಳ್ಳಿ.

ಪ್ರಶ್ನೆ: ಬಜೆಟ್‌ನಲ್ಲಿ ಕಚೇರಿ ಖರ್ಚು ಹೆಚ್ಚು ಕಂಡರೆ ತಿರಸ್ಕರಿಸುತ್ತಾರೆಂದು ಕೇಳಿದ್ದೇವೆ. ಅಕೌಂಟೆಂಟ್ ಸಂಬಳ, ಬಾಡಿಗೆ ಎಲ್ಲ ಬಿಟ್ಟು ಬರೆಯುತ್ತಿದ್ದೇವೆ. ವರ್ಷದ ಕೊನೆಗೆ ಕೈ ಖಾಲಿ.
— ಸಂಯೋಜಕರು, ಕೆ.ಆರ್. ಪುರ

ಉತ್ತರ: ಬಿಟ್ಟು ಬರೆಯುವುದನ್ನು ಮೊದಲು ನಿಲ್ಲಿಸಿ. ಅಕೌಂಟೆಂಟ್ ಇಲ್ಲದೆ ಲೆಕ್ಕ ಕೊಡುತ್ತೇವೆ ಎನ್ನುವ ಬಜೆಟ್ ನೋಡಿದರೆ ಅನುಭವ ಇರುವ ಯಾವ ಅಧಿಕಾರಿಗೂ ಅನುಮಾನವೇ ಬರುವುದು.

120 ಮಕ್ಕಳ ಮೂರು ಕೇಂದ್ರಗಳ ಒಂದು ವರ್ಷದ ಲೆಕ್ಕ ಮಾಡಿ ನೋಡೋಣ; ದರಗಳು ಉದಾಹರಣೆಗೆ ಮಾತ್ರ. ಆರು ಶಿಕ್ಷಕರಿಗೆ ತಿಂಗಳಿಗೆ ತಲಾ 18,000ದಂತೆ 12,96,000. ಒಬ್ಬ ಸಂಯೋಜಕರಿಗೆ 30,000ದಂತೆ 3,60,000. ಕೇಂದ್ರಗಳ ಬಾಡಿಗೆ ತಲಾ 9,000ದಂತೆ 3,24,000. ಪುಸ್ತಕ, ಕಲಿಕಾ ಸಾಮಗ್ರಿ ಮಗುವಿಗೆ 1,500ರಂತೆ 1,80,000. ಸಂಜೆ ತಿಂಡಿ ಮಗುವಿಗೆ ದಿನಕ್ಕೆ 12 ರೂಪಾಯಿಯಂತೆ 220 ದಿನಕ್ಕೆ 3,16,800. ಇದು 24,76,800 ಆಯಿತು. ಇದಕ್ಕೆ ಹಂಚಿಕೆಯ ಖರ್ಚು (ಇಡೀ ಸಂಸ್ಥೆಯ ಖರ್ಚಿನಲ್ಲಿ ಈ ಕೆಲಸದ ಪಾಲು) ಸೇರಿಸಿ: ಅಕೌಂಟೆಂಟ್ ಅರ್ಧ ಸಂಬಳ 1,50,000, ಕಚೇರಿ ಬಾಡಿಗೆ 20,000ದಲ್ಲಿ ಶೇ 30, ಅಂದರೆ ವರ್ಷಕ್ಕೆ 72,000, ನಿರ್ದೇಶಕರ 60,000 ಸಂಬಳದ ಕಾಲು ಭಾಗ 1,80,000, ಆಡಿಟ್ ಶುಲ್ಕದ ಪಾಲು 25,000. ಒಟ್ಟು 29,03,800. ಹಂಚಿಕೆಯ ಪಾಲು ಶೇ 15ಕ್ಕಿಂತ ಸ್ವಲ್ಪ ಕಡಿಮೆ. ಪ್ರತಿ ಪಾಲನ್ನೂ ಹೇಗೆ ಲೆಕ್ಕ ಹಾಕಿದಿರಿ ಎಂದು ಎದುರಿನ ಕಾಲಂನಲ್ಲಿ ಬರೆಯಿರಿ. 'ಆಡಳಿತ ವೆಚ್ಚ, ಶೇ 15' ಎಂದು ಒಂದೇ ಸಾಲಿನಲ್ಲಿ ಬರೆದರೆ ಕತ್ತರಿ ಬೀಳುತ್ತದೆ. ಅದನ್ನೇ ಅರ್ಧ ಅಕೌಂಟೆಂಟ್, ಕಾಲು ನಿರ್ದೇಶಕ ಎಂದು ಬಿಡಿಸಿ ತೋರಿಸಿದರೆ ಕನಿಷ್ಠ ಚರ್ಚೆಗಾದರೂ ಕೂರುತ್ತಾರೆ. ಆದರೆ ಎಚ್ಚರ, ಅದೇ ಅಕೌಂಟೆಂಟ್‌ನ ಅರ್ಧ ಸಂಬಳ ಮೂವರು ದಾನಿಗಳ ಬಜೆಟ್‌ನಲ್ಲಿ ಕಾಣಿಸಿಕೊಂಡರೆ ಅದು ಒಂದೂವರೆ ಸಂಬಳವಾಗುತ್ತದೆ. ಆಡಿಟ್‌ನಲ್ಲಿ ಹೊರಬೀಳದೆ ಇರುವುದಿಲ್ಲ.

ಸಾಮಾನ್ಯವಾಗಿ ಮರೆತುಹೋಗುವವು ಪಿಎಫ್, ಇಎಸ್‌ಐ, ಗ್ರಾಚ್ಯುಟಿ. ಅನ್ವಯವಾಗುವುದಾದರೆ ಮೇಲಿನ ಸಂಬಳಗಳ ಮೇಲೆ ಇವನ್ನೂ ಹಾಕಿ. ಕಂಪ್ಯೂಟರ್ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿ ನೋಂದಣಿಯಿಲ್ಲದ ನಿಮಗೆ ವಾಪಸು ಬಾರದು, ಹಾಗಾಗಿ ತೆರಿಗೆ ಸೇರಿದ ಬೆಲೆಯನ್ನೇ ಬರೆಯಿರಿ. ಬೆಂಗಳೂರಿಗೇ ವಿಶೇಷವಾದ ತಲೆನೋವು ಮನೆ ಅಡ್ವಾನ್ಸ್. ಆರೋ ಹತ್ತೋ ತಿಂಗಳ ಬಾಡಿಗೆಯನ್ನು ಮುಂಗಡ ಕೊಡಬೇಕು, ಆದರೆ ಅದು ವಾಪಸು ಬರುವ ಹಣವಾದ್ದರಿಂದ ಖರ್ಚೆಂದು ಒಪ್ಪುವುದಿಲ್ಲ. ಅದನ್ನು ಅನುದಾನದಿಂದ ಕೊಟ್ಟು ಹಣ ಯಾವುದಕ್ಕೆ ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರದಲ್ಲಿ ಸೇರಿಸಿದರೆ ಆಕ್ಷೇಪಣೆ ಖಂಡಿತ. ಬೇರೆ ನಿಧಿಯಿಂದ ಕೊಡಿ, ಅಥವಾ ವಾಪಸು ಕೊಡುವ ಷರತ್ತಿನ ಮೇಲೆ ಪ್ರತ್ಯೇಕವಾಗಿ ಕೇಳಿ.

ಪ್ರಶ್ನೆ: ಫೌಂಡೇಶನ್ ನಡೆಸುವ ಕುಟುಂಬದ ಮಗ ಅಮೆರಿಕದಲ್ಲಿದ್ದಾರೆ. ತಾವೇ ನೇರವಾಗಿ ಹಣ ಕಳಿಸುತ್ತೇನೆ ಎನ್ನುತ್ತಾರೆ. ನಮಗೆ ಎಫ್‌ಸಿಆರ್‌ಎ (ವಿದೇಶಿ ವಂತಿಗೆ ಕಾಯ್ದೆಯಡಿಯ ನೋಂದಣಿ) ಇಲ್ಲ.
— ಖಜಾಂಚಿ, ಬಸವನಗುಡಿ

ಉತ್ತರ: ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿ. ಭಾರತದ್ದಾದರೆ, ಬ್ಯಾಂಕ್ ಮೂಲಕ ಕಳಿಸಿದ ಸ್ವಂತ ಹಣ ವಿದೇಶಿ ವಂತಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿಯನ್ನು ಕಡತದಲ್ಲಿಡಿ. ಅಮೆರಿಕದ ಪೌರತ್ವ ಪಡೆದಿದ್ದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ವಂತಿಗೆಯೇ. ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. 'ಮೊದಲು ಫೌಂಡೇಶನ್‌ಗೆ ಹಾಕಿ ಅಲ್ಲಿಂದ ನಿಮಗೆ ಕೊಡುತ್ತೇವೆ' ಎಂಬುದೂ ಆಗದು: ಒಂದು ಸಂಸ್ಥೆ ಪಡೆದ ವಿದೇಶಿ ವಂತಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು 2020ರ ತಿದ್ದುಪಡಿ ನಿಷೇಧಿಸಿದೆ. ಕೊಡುತ್ತಿರುವುದು ದೇಶದೊಳಗಿನ ಮೂಲದ ಹಣ ಎಂಬ ಒಂದು ಸಾಲನ್ನು ಫೌಂಡೇಶನ್‌ನಿಂದ ಅನುದಾನ ಪತ್ರದಲ್ಲೇ ಬರೆಸಿಕೊಳ್ಳಿ.

ಪ್ರಶ್ನೆ: ಕಾರ್ಪಸ್ ನಿಧಿಗೆ (ಖರ್ಚು ಮಾಡದೆ ಉಳಿಸಿಕೊಳ್ಳುವ ಮೂಲಧನಕ್ಕೆ) ಫೌಂಡೇಶನ್‌ನಿಂದ ದೊಡ್ಡ ಮೊತ್ತ ಕೇಳಬಹುದೇ?
— ಓದುಗರು, ಮಲ್ಲೇಶ್ವರ

ಉತ್ತರ: ಫೌಂಡೇಶನ್ ಟ್ರಸ್ಟ್ ಆಗಿದ್ದರೆ ಕೇಳಿ ಪ್ರಯೋಜನವಿಲ್ಲ. ಒಂದು ಟ್ರಸ್ಟ್ ಇನ್ನೊಂದರ ಕಾರ್ಪಸ್‌ಗೆ ಕೊಟ್ಟ ಹಣ ಕೊಟ್ಟವರ ಲೆಕ್ಕದಲ್ಲಿ ಉದ್ದೇಶಕ್ಕೆ ಬಳಸಿದ್ದು ಎನಿಸುವುದಿಲ್ಲ. ಸಾಮಾನ್ಯ ಅನುದಾನದಲ್ಲೂ, 2023ರ ಹಣಕಾಸು ಕಾಯ್ದೆಯ ನಂತರ, 100 ರೂಪಾಯಿ ಕೊಟ್ಟರೆ ಉದ್ದೇಶಕ್ಕೆ ಬಳಸಿದ್ದೆಂದು 85 ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಈ ಕಾರಣಕ್ಕೆ ಯಾರಾದರೂ 'ಅನುದಾನ ಬೇಡ, ಸೇವಾ ಒಪ್ಪಂದ ಮಾಡಿಕೊಳ್ಳೋಣ' ಎಂದರೆ ಆಡಿಟರ್‌ನ ಕೇಳದೆ ಸಹಿ ಹಾಕಬೇಡಿ. ಅದು ವ್ಯವಹಾರದ ಆದಾಯವೆನಿಸಿ, ಜಿಎಸ್‌ಟಿಯೂ ತಗಲಬಹುದು.

ಪ್ರಶ್ನೆ: ಅನುದಾನ ಮಂಜೂರಾಗಿದೆ. ಮೊದಲ ಕಂತು ಮಾರ್ಚ್ ಕೊನೆಯ ವಾರ ಬರುತ್ತದಂತೆ. ಏನು ಎಚ್ಚರ ವಹಿಸಬೇಕು?
— ಸಂಸ್ಥೆಯೊಂದರ ಅಧ್ಯಕ್ಷರು, ಜಯನಗರ

ಉತ್ತರ: ಮಾರ್ಚ್‌ನಲ್ಲಿ ಬಂದ ಹಣ ಆ ವರ್ಷದ ಆದಾಯ, ಖರ್ಚಾಗುವುದು ಮುಂದಿನ ವರ್ಷ. ಶೇ 85ರ ನಿಯಮ ನಿಮಗೂ ಇದೆ. ಆಗುವುದಾದರೆ ಏಪ್ರಿಲ್ ಮೊದಲ ವಾರ ಹಾಕಲು ವಿನಂತಿಸಿ. ಆಗದಿದ್ದರೆ ಖರ್ಚನ್ನು ಮುಂದಿನ ವರ್ಷಕ್ಕೆ ಒಯ್ಯುವ ಆಯ್ಕೆಯನ್ನು ತೆರಿಗೆ ಇಲಾಖೆಗೆ ಗಡುವಿನೊಳಗೆ ತಿಳಿಸಬೇಕು. ರಿಟರ್ನ್ ಹಾಕುವ ಹೊತ್ತಿನವರೆಗೆ ಕಾಯಬೇಡಿ.

ಈ ಅನುದಾನಕ್ಕೇ ಲೆಕ್ಕದ ತಂತ್ರಾಂಶ ಟ್ಯಾಲಿಯಲ್ಲಿ ಪ್ರತ್ಯೇಕ ಕಾಸ್ಟ್ ಸೆಂಟರ್ (ಈ ಹಣದ ಖರ್ಚನ್ನಷ್ಟೇ ದಾಖಲಿಸುವ ವಿಭಾಗ) ತೆರೆದು, ಪ್ರತಿ ವೋಚರ್ ಮೇಲೆ ಫೌಂಡೇಶನ್ ಹೆಸರು ಮತ್ತು ಬಜೆಟ್ ಸಾಲಿನ ಸಂಖ್ಯೆ ಬರೆಯಿಸಿ. ತಿಂಡಿಯ ಹಣ ಉಳಿದು ಬಾಡಿಗೆಗೆ ಸಾಲದಿದ್ದರೆ ನೀವೇ ತಿರುಗಿಸಬೇಡಿ. ಒಂದು ಸಾಲಿನಿಂದ ಇನ್ನೊಂದಕ್ಕೆ ಎಷ್ಟು ಬದಲಿಸಬಹುದು ಎಂದು ಒಪ್ಪಂದದಲ್ಲೇ ಇರುತ್ತದೆ, ಮೀರಿದರೆ ಮೊದಲೇ ಇ-ಮೇಲ್‌ನಲ್ಲಿ ಅನುಮತಿ ಪಡೆಯಿರಿ. ಎರಡನೇ ಕಂತು ಸಾಮಾನ್ಯವಾಗಿ ಬಳಕೆ ಪ್ರಮಾಣಪತ್ರ ಮತ್ತು ವರದಿ ತಲುಪಿ, ಪರಿಶೀಲನೆ ಮುಗಿದ ಮೇಲೆ. ಅದಕ್ಕೆ ತಿಂಗಳೆರಡು ತಿಂಗಳು ಹಿಡಿಯುತ್ತದೆ, ಶಿಕ್ಷಕರ ಸಂಬಳ ಅಷ್ಟು ಕಾಯುವುದಿಲ್ಲ. ಹಾಗಾಗಿ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ, ಮೊದಲ ಕಂತು ಆರು ತಿಂಗಳ ಬದಲು ಎಂಟು ತಿಂಗಳ ಖರ್ಚಿನಷ್ಟಿರಲಿ ಎಂದು ಕೇಳಿ. ಕಾರಣ ಬರೆದು ಕೇಳಿದರೆ ಒಪ್ಪುವವರಿದ್ದಾರೆ.