ಮನೆಯಲ್ಲೇ ಹೆರಬೇಕೆಂಬ ಹಂಬಲ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದ ತಾಯಿಯನ್ನು ಇಲ್ಲಿ ವಸುಧಾ ಎಂದು ಕರೆಯುತ್ತೇನೆ. ಹೆಸರನ್ನೂ ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರಿಂದಲೂ ಅವರ ಪತಿಯಿಂದಲೂ ಒಪ್ಪಿಗೆ ಪಡೆದಿದ್ದೇನೆ. ವಸುಧಾ ಅವರಿಗೆ 29 ವರ್ಷ, ಎರಡನೆಯ ಬಸಿರು. ಮೊದಲ ಮಗು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸಿಸೇರಿಯನ್ ಮೂಲಕ ಹುಟ್ಟಿ ಎರಡೂವರೆ ವರ್ಷವಾಗಿತ್ತು. ಪತಿಗೆ ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಸಿಕ್ಕ ಮೇಲೆ ದಂಪತಿಗಳು ಮಲೆನಾಡಿನ ತಮ್ಮ ಅಡಿಕೆ ತೋಟದ ಮನೆಗೆ ಬಂದು ನೆಲೆಸಿದ್ದರು. ನನ್ನ ಬಳಿ ಬಂದಾಗ ಅವರಿಗೆ 33 ವಾರ ತುಂಬಿತ್ತು, ಹೆರಿಗೆಯ ದಿನ ಜುಲೈ ಕೊನೆಗೆ ಬೀಳುತ್ತಿತ್ತು, ಈ ಸಲ ಮನೆಯಲ್ಲೇ ಹೆರುವುದೆಂದು ಗಂಡ ಹೆಂಡತಿ ಇಬ್ಬರೂ ತೀರ್ಮಾನಿಸಿಯಾಗಿತ್ತು.

ಅವರನ್ನು ನನ್ನಲ್ಲಿಗೆ ಕಳುಹಿಸಿದವರು ಊರಿನ ಆಶಾ ಕಾರ್ಯಕರ್ತೆ. ಅವರ ಆತಂಕಕ್ಕೆ ಕಾರಣವಿತ್ತು. ತಾಯಿ ಕಾರ್ಡಿನ ಮೇಲೆ ಹೆಚ್ಚಿನ ಅಪಾಯದ ಗರ್ಭಿಣಿ ಎಂದು ತಿಳಿಸುವ ಕೆಂಪು ಸ್ಟಿಕ್ಕರ್ ಅಂಟಿಸಲಾಗಿತ್ತು. ಹಿಂದಿನ ಶಸ್ತ್ರಚಿಕಿತ್ಸೆಯ ಜೊತೆಗೆ ಹಿಮೋಗ್ಲೋಬಿನ್ ಕಡಿಮೆಯಾಗಿ 9.8 ಇತ್ತು, ರಕ್ತದೊತ್ತಡ ಕಳೆದ ತಪಾಸಣೆಯಲ್ಲಿ 138/88ಕ್ಕೆ ಏರಿತ್ತು. ಅದಕ್ಕಿಂತ ಕಳವಳದ ಸಂಗತಿಯೆಂದರೆ, ಆ ತಪಾಸಣೆಯ ನಂತರ ವಸುಧಾ ಆಸ್ಪತ್ರೆಯ ಕಡೆ ತಲೆ ಹಾಕಿರಲಿಲ್ಲ. ಮನೆ ಹೆರಿಗೆಯ ಮಾತೆತ್ತಿದ ಕೂಡಲೇ ಅಲ್ಲಿ ಅವರಿಗೆ ಸರಿಯಾಗಿ ಬೈಗುಳ ಬಿದ್ದಿತ್ತು. ಗರ್ಭಿಣಿಯನ್ನು ಬೈದು ದಾರಿಗೆ ತರಬಹುದೆಂಬ ನಂಬಿಕೆ ನಮ್ಮ ಆರೋಗ್ಯ ವ್ಯವಸ್ಥೆಯಲ್ಲಿ ಬೇರೂರಿದೆ. ನಾನು ಕಂಡಂತೆ ಬೈಸಿಕೊಂಡವರು ಮನಸ್ಸು ಬದಲಿಸುವುದು ಅಪರೂಪ, ತಪಾಸಣೆಗೆ ಬರುವುದನ್ನು ನಿಲ್ಲಿಸುವುದು ಸಾಮಾನ್ಯ.

ಆದ್ದರಿಂದ ಮೊದಲ ಭೇಟಿಯಲ್ಲಿ ನಾನು ಅಪಾಯದ ಮಾತನ್ನೇ ಎತ್ತಲಿಲ್ಲ. ಅವರು ಒಂದು ನೋಟ್‌ಬುಕ್ ತಂದಿದ್ದರು. ಅದರಲ್ಲಿ ಒಗೆದು ಬಿಸಿಲಿಗೆ ಒಣಗಿಸಿದ ಹತ್ತಿ ಸೀರೆಯ ತುಂಡುಗಳಿಂದ ಹಿಡಿದು ಹೊಸ ಬ್ಲೇಡು, ಕುದಿಸಿದ ದಾರ, ಚಾರ್ಜ್ ಮಾಡಿಟ್ಟ ಎರಡು ಟಾರ್ಚು, ಬಚ್ಚಲೊಲೆಗೆ ಒಣ ಸೌದೆ, ಬಾಣಂತಿಯ ಕೋಣೆಯ ಹಾಸಿಗೆಯ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಯವರೆಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದರು. ಕೊನೆಯ ಪುಟದಲ್ಲಿ ‘ತೊಂದರೆಯಾದರೆ’ ಎಂದು ಬರೆದು ಅಡಿಗೆರೆ ಎಳೆದಿತ್ತು. ಅದರ ಕೆಳಗೆ ಇದ್ದದ್ದು ‘108’ ಎಂಬ ಅಂಕಿ ಮಾತ್ರ.

ಮೊದಲ ಹೆರಿಗೆ ಹೇಗಾಯಿತೆಂದು ಕೇಳಿದೆ. ಉತ್ತರಕ್ಕೆ ಒಂದು ಗಂಟೆಗೂ ಮೀರಿ ಹಿಡಿಯಿತು. ಬೇನೆ ತಿನ್ನುವಾಗ ಮಲಗಿದಲ್ಲಿಂದ ಏಳಬಾರದೆಂದು ತಡೆದದ್ದು, ಯಾರೆಂದು ಹೇಳದೆ ಒಬ್ಬರಾದ ಮೇಲೊಬ್ಬರು ಬಂದು ಒಳಪರೀಕ್ಷೆ ಮಾಡಿದ್ದು, ಕಿರುಚಿದ್ದಕ್ಕೆ ಗದರಿಸಿದ್ದು, ಗಂಡನನ್ನು ಹೊರಗೆ ನಿಲ್ಲಿಸಿದ್ದು, ಮಗುವಿನ ಎದೆಬಡಿತ ಇಳಿದಿದೆ ಎಂದು ಹೇಳಿ ಓದುವುದಕ್ಕೂ ಬಿಡುವಿಲ್ಲದಂತೆ ಸಹಿ ಹಾಕಿಸಿಕೊಂಡದ್ದು, ಎಲ್ಲವನ್ನೂ ಅವರು ಕ್ರಮವಾಗಿ ಹೇಳಿದರು. ಆ ಶಸ್ತ್ರಚಿಕಿತ್ಸೆ ನಿಜಕ್ಕೂ ಬೇಕಿತ್ತೇ ಎಂಬುದು ಅವರಿಗೆ ಇವತ್ತಿಗೂ ತಿಳಿದಿಲ್ಲ. ಅನುಮಾನ ಪೂರ್ತಿ ಆಧಾರವಿಲ್ಲದ್ದೂ ಅಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31ಕ್ಕೂ ಹೆಚ್ಚು ಸಿಸೇರಿಯನ್ ಆಗಿದ್ದವು, ಖಾಸಗಿ ಆಸ್ಪತ್ರೆಗಳಲ್ಲಿ ಪ್ರಮಾಣ ಇನ್ನೂ ಬಹಳ ಹೆಚ್ಚು. ಹೀಗಾಗಿ ನಿಮ್ಮ ಸಂಶಯ ತಪ್ಪೆಂದು ನಾನು ಹೇಳಲಿಲ್ಲ. ನಿಮಗೆ ಬೇಕಾಗಿರುವುದು ಮನೆಯ ಗೋಡೆಗಳೇ, ಅಥವಾ ಆ ಗೋಡೆಗಳ ನಡುವೆ ಸಿಗುವುದೆಂದು ನೀವು ನಂಬಿರುವ ಮರ್ಯಾದೆಯೇ ಎಂದು ಮಾತ್ರ ಕೇಳಿದೆ. ಆ ದಿನ ಉತ್ತರ ಬರಲಿಲ್ಲ.

ಎರಡನೆಯ ಭೇಟಿಗೆ ಪತಿಯೂ ಅತ್ತೆಯೂ ಬಂದರು. ಇಂಥ ಪ್ರಕರಣಗಳಲ್ಲಿ ಹಳೆಯ ತಲೆಮಾರು ಮನೆ ಹೆರಿಗೆಗೆ ಒತ್ತಾಯಿಸುತ್ತದೆ, ಹೊಸಬರು ಆಸ್ಪತ್ರೆ ಬೇಕೆನ್ನುತ್ತಾರೆ ಎಂದು ಹೊರಗಿನವರು ಊಹಿಸುತ್ತಾರೆ. ಇಲ್ಲಿ ಅದು ತಲೆಕೆಳಗಾಗಿತ್ತು. ಪತಿ ಬಹಳ ಓದಿಕೊಂಡಿದ್ದರು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರ ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆಯಲಿಲ್ಲವೇ ಎಂದು ಅವರು ಕೇಳಿದರು. ಇಂಗ್ಲೆಂಡಿನ ಅಧ್ಯಯನವೊಂದು ಮನೆ ಹೆರಿಗೆ ಸುರಕ್ಷಿತವೆಂದು ಹೇಳಿದೆ ಎಂದೂ ವಾದಿಸಿದರು. ಅತ್ತೆ ಅಷ್ಟು ಹೊತ್ತು ಸುಮ್ಮನಿದ್ದವರು, “ನೋಡಿ ಅಮ್ಮ, ನಮ್ಮ ಕಾಲದಲ್ಲಿ ಆಸ್ಪತ್ರೆ ಇರ್ಲಿಲ್ಲ, ಅದಕ್ಕೆ ಮನೇಲಿ ಹೆತ್ವಿ. ಇದ್ದಿದ್ರೆ ಯಾರು ಮನೇಲಿ ಹೆರ್ತಿದ್ರು?” ಎಂದರು. ಮಗ ಮುಖ ತಿರುಗಿಸಿಕೊಂಡರು.

ನಾನು ಪತಿಯ ಎರಡೂ ವಾದಗಳಿಗೆ ನೇರವಾಗಿ ಉತ್ತರಿಸಿದೆ. ನರಸಮ್ಮನವರ ಕೈ ಜೀವಮಾನವಿಡೀ ಮಾಡಿದ ಕೆಲಸದಿಂದ ಪಳಗಿದ್ದು, ಅವರು ಸೇವೆ ಮಾಡಿದ್ದು ವೈದ್ಯರು ಸುಲಭಕ್ಕೆ ಸಿಗದ ಬಯಲುಸೀಮೆಯಲ್ಲಿ. ನಿಮ್ಮ ಊರಿನಲ್ಲಿ ಈಗ ಅಂಥ ಸೂಲಗಿತ್ತಿ ಯಾರಿದ್ದಾರೆ ಎಂದು ಕೇಳಿದಾಗ, ಹೆರಿಗೆಗೆ ಬರಲು ಒಪ್ಪಿದವರು ನಗರದ ಒಬ್ಬ ಡೌಲಾ, ಅಂದರೆ ಹೆರಿಗೆಯ ಹೊತ್ತಿನಲ್ಲಿ ಜೊತೆಗಿದ್ದು ಆಸರೆಯಾಗುವವರು, ಎಂದು ತಿಳಿಯಿತು. ಡೌಲಾ ಧೈರ್ಯ ತುಂಬಬಲ್ಲರು, ಬೆನ್ನು ನೀವಬಲ್ಲರು, ಅದರ ಬೆಲೆಯನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಅವರು ಶುಶ್ರೂಷಕಿಯೂ ಅಲ್ಲ, ಸೂಲಗಿತ್ತಿಯೂ ಅಲ್ಲ, ರಕ್ತಸ್ರಾವ ನಿಲ್ಲಿಸುವ ತರಬೇತಿ ಅವರಿಗಿಲ್ಲ. ಇನ್ನು 2011ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಆ ಅಧ್ಯಯನ ಗಣನೆಗೆ ತೆಗೆದುಕೊಂಡದ್ದು ಅಪಾಯ ಕಡಿಮೆಯಿರುವ ಗರ್ಭಿಣಿಯರನ್ನು. ಹಿಂದೆ ಸಿಸೇರಿಯನ್ ಆದವರು, ರಕ್ತದೊತ್ತಡ ಏರಿದವರು ಆ ಲೆಕ್ಕದಲ್ಲಿ ಬರುವುದಿಲ್ಲ. ಅಲ್ಲಿ ಮನೆಗೆ ಬರುವವರು ಪರವಾನಗಿಯುಳ್ಳ ಮಿಡ್‌ವೈಫ್‌ಗಳು. ಅಷ್ಟಿದ್ದೂ ಚೊಚ್ಚಲ ಹೆರಿಗೆಯನ್ನು ಮನೆಯಲ್ಲಿ ಮಾಡಿಕೊಳ್ಳಲು ಹೊರಟವರಲ್ಲಿ ನೂರಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಂದರೆ ಅಲ್ಲಿನ ಮನೆ ಹೆರಿಗೆಯೂ ಆಸ್ಪತ್ರೆಯನ್ನು ನೆಚ್ಚಿಕೊಂಡೇ ನಡೆಯುತ್ತದೆ.

2018ರಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿ ಮನೆಯಲ್ಲಿ ಹೆರಿಗೆ ಮಾಡಿಸಲು ಹೋಗಿ ತಾಯಿ ತೀರಿಕೊಂಡ ಸುದ್ದಿಯನ್ನು ನಾನು ಬೇಕೆಂದೇ ಅವರ ಮುಂದಿಡಲಿಲ್ಲ. ಅವರಿಗೆ ಅದು ಮೊದಲೇ ಗೊತ್ತಿತ್ತು, ಆಸ್ಪತ್ರೆಯಲ್ಲಿ ಅದನ್ನು ಹೇಳಿಯೇ ಹೆದರಿಸಿದ್ದರು. ಮನೆಯಲ್ಲಿ ಹೆರುವುದು ಕಾನೂನಿನ ಪ್ರಕಾರ ಅಪರಾಧವಲ್ಲ, ನಿರ್ಧಾರ ನಿಮ್ಮದೇ ಎಂಬುದನ್ನೂ ಸ್ಪಷ್ಟವಾಗಿ ಹೇಳಿದೆ.

ನಾನು ವೈದ್ಯೆಯಲ್ಲದ ಕಾರಣ, ಅವರ ಒಪ್ಪಿಗೆಯಿಂದ ಜಿಲ್ಲಾ ಕೇಂದ್ರದ ಪ್ರಸೂತಿ ತಜ್ಞೆಯೊಬ್ಬರನ್ನು ಮೂರನೆಯ ಭೇಟಿಗೆ ಸೇರಿಸಿಕೊಂಡೆ. ಗದರಿಸದೆ ಮಾತನಾಡುವವರನ್ನೇ ಹುಡುಕಿದೆ ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಸಿಸೇರಿಯನ್ ಆದ ಮೇಲೆ ಸಹಜ ಹೆರಿಗೆ ಆಗಲಾರದು ಎಂಬುದು ಸುಳ್ಳು, ಪ್ರಯತ್ನಿಸಿದ ನಾಲ್ವರಲ್ಲಿ ಸುಮಾರು ಮೂವರಿಗೆ ಅದು ಸಾಧ್ಯವಾಗುತ್ತದೆ ಎಂದು ಅವರು ಮೊದಲು ಹೇಳಿದಾಗ ವಸುಧಾ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕುಳಿತರು. ಗರ್ಭಕೋಶದ ಹಳೆಯ ಹೊಲಿಗೆ ಬೇನೆಯ ಒತ್ತಡಕ್ಕೆ ಬಿಟ್ಟುಕೊಳ್ಳುವುದು ಸುಮಾರು 200ರಲ್ಲಿ ಒಬ್ಬರಿಗೆ. ಸಂಖ್ಯೆ ಚಿಕ್ಕದು, ಆದರೆ ಹಾಗಾದಾಗ ಮಗುವನ್ನು ಉಳಿಸಿಕೊಳ್ಳಲು ಸಿಗುವ ಅವಕಾಶ ನಿಮಿಷಗಳದ್ದು, ಆ ನಿಮಿಷಗಳಲ್ಲಿ ಆಪರೇಷನ್ ಥಿಯೇಟರ್, ಅರಿವಳಿಕೆ ತಜ್ಞರು ಮತ್ತು ರಕ್ತ ಒಂದೇ ಸೂರಿನಡಿ ಇರಬೇಕು. ತೋಟದ ಮನೆಯಿಂದ ತಾಲ್ಲೂಕು ಆಸ್ಪತ್ರೆಗೇ 32 ಕಿಲೋಮೀಟರ್. ಜುಲೈ ತಿಂಗಳ ಮಲೆನಾಡಿನ ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟುವುದು, ಕರೆಂಟು ಹೋಗಿ ಮೊಬೈಲ್ ಸಿಗ್ನಲ್ಲೂ ಹೋಗುವುದು ಅಲ್ಲಿನವರಿಗೆ ಹೊಸದಲ್ಲ. ಸಿಗ್ನಲ್ ಇಲ್ಲದ ಮನೆಯಲ್ಲಿ 108ಕ್ಕೆ ಕರೆ ಮಾಡುವುದಾದರೂ ಹೇಗೆ ಎಂದು ಕೇಳಿದವರು ಸ್ವತಃ ಪತಿ. ನೆಟ್‌ವರ್ಕ್ ಹೋಗಿ ಆಫೀಸಿನ ಮೀಟಿಂಗ್ ತಪ್ಪಿದ ಅನುಭವ ಅವರಿಗೆ ಬೇಕಾದಷ್ಟಿತ್ತು.

ರಕ್ತಹೀನತೆಯ ವಿಷಯದಲ್ಲಿ ತಜ್ಞೆ ಹೇಳಿದ್ದನ್ನು ಎಲ್ಲ ಗರ್ಭಿಣಿಯರ ಮನೆಯವರೂ ಕೇಳಬೇಕು. ಹೆರಿಗೆಯ ನಂತರ ಅರ್ಧ ಲೀಟರ್ ರಕ್ತ ಹೋದರೂ ತಡೆದುಕೊಳ್ಳುವ ಗಟ್ಟಿ ಮೈ ಇರುವಂತೆ, ರಕ್ತಹೀನತೆಯಿಂದಾಗಿ ಅದಕ್ಕಿಂತ ಕಡಿಮೆಗೇ ಕುಸಿಯುವ ಮೈಯೂ ಇರುತ್ತದೆ. ತುಂಬು ಗರ್ಭದಲ್ಲಿ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಗರ್ಭಕೋಶಕ್ಕೆ ಹರಿಯುತ್ತಿರುತ್ತದೆ. ಕಸ (ಮಾಸು) ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗಿ ಮುದುಡಿಕೊಳ್ಳದಿದ್ದರೆ ಎರಡು ಗಂಟೆಯೊಳಗೆ ಪ್ರಾಣ ಹೋಗಬಹುದು. ರಕ್ತದೊತ್ತಡ 140/90 ದಾಟಿ ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅದು ನಮ್ಮ ಕಡೆಯವರು ನಂಜು ಎನ್ನುವ ಕಾಯಿಲೆ. ಅದು ಕೈಮೀರಿದರೆ ಫಿಟ್ಸ್ ಬರುತ್ತದೆ.

ಇಷ್ಟಾದ ಮೇಲೆ ನಾನು ಕೊಟ್ಟ ಸಲಹೆಯನ್ನು ಬರಹದಲ್ಲೇ ಕೊಟ್ಟೆ, ಏಕೆಂದರೆ ಬಾಯಿಮಾತಿನ ಸಲಹೆ ಮನೆ ಸೇರುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. ಅದರ ಸಾರ ಹೀಗಿತ್ತು.

‘ವಸುಧಾ ಅವರೇ, ನಿಮ್ಮ ಈಗಿನ ಸ್ಥಿತಿಯಲ್ಲಿ ಮನೆಯಲ್ಲಿ ಹೆರಿಗೆಯಾಗುವುದನ್ನು ನಾನು ಬೆಂಬಲಿಸಲಾರೆ; ಆದರೆ ಸಹಜ ಹೆರಿಗೆಯ ನಿಮ್ಮ ಆಸೆಯನ್ನು ಬಿಡಿ ಎಂದೂ ಹೇಳುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಿ. ಮೊದಲು ಮಾಡಬೇಕಾದದ್ದು ಹಿಂದಿನ ಆಸ್ಪತ್ರೆಯಿಂದ ನಿಮ್ಮ ದಾಖಲೆಗಳನ್ನು ಲಿಖಿತವಾಗಿ ಕೇಳುವುದು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮಗಳು ಹೇಳುತ್ತವೆ. ಗರ್ಭಕೋಶವನ್ನು ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ದಿದ್ದರೋ ಉದ್ದಕ್ಕೆ ಕೊಯ್ದಿದ್ದರೋ ಎಂಬುದು ಹೊಟ್ಟೆಯ ಮೇಲಿನ ಗುರುತಿನಿಂದ ತಿಳಿಯುವುದಿಲ್ಲ, ಮತ್ತು ಸಹಜ ಹೆರಿಗೆಗೆ ಪ್ರಯತ್ನಿಸಬಹುದೇ ಎಂಬುದು ಮುಖ್ಯವಾಗಿ ಅದರ ಮೇಲೇ ನಿಂತಿದೆ. ಆ ಶಸ್ತ್ರಚಿಕಿತ್ಸೆ ಏಕೆ ಆಯಿತೆಂಬ ನಿಮ್ಮ ಪ್ರಶ್ನೆಗೂ ಅದರಲ್ಲಿ ಉತ್ತರ ಸಿಗಬಹುದು.

ಮನೆಯಲ್ಲಿ ಬಿಪಿ ಯಂತ್ರ ಇಟ್ಟುಕೊಂಡು ದಿನಕ್ಕೆರಡು ಬಾರಿ, ಐದು ನಿಮಿಷ ಸುಮ್ಮನೆ ಕುಳಿತ ನಂತರ ಅಳೆದು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆಯಿರಿ. 140/90 ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. 160/110 ಬಂದರೆ, ಅಥವಾ ಸಹಿಸಲಾಗದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಕಬ್ಬಿಣದ ಮಾತ್ರೆಯನ್ನು ಕಾಫಿ ಚಹಾ ಜೊತೆ ನುಂಗಬೇಡಿ, ಅದು ಮೈಗೆ ಹತ್ತುವುದಿಲ್ಲ. ಮಾತ್ರೆಯಿಂದ ಸಾಲದಿದ್ದರೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡುವ ವ್ಯವಸ್ಥೆಯಿದೆ, ಕೇಳಿ ಪಡೆಯಿರಿ. 36 ವಾರಕ್ಕೆ ತೋಟದ ಮನೆ ಬಿಟ್ಟು ಪೇಟೆಯಲ್ಲಿರುವ ನಿಮ್ಮ ಚಿಕ್ಕಮ್ಮನ ಮನೆಗೆ ಹೋಗಿ ಇರಿ. ಆಷಾಢದ ಮಾತು ಯಾರಾದರೂ ಎತ್ತಿದರೆ ನಿಮ್ಮ ಅತ್ತೆಯೇ ಉತ್ತರ ಕೊಡುತ್ತಾರೆ.

ಹೆರಿಗೆಯ ಕುರಿತ ನಿಮ್ಮ ಅಪೇಕ್ಷೆಗಳನ್ನು ಒಂದೇ ಪುಟದಲ್ಲಿ ಬರೆದು ವೈದ್ಯರ ಜೊತೆ ಮೊದಲೇ ಮಾತಾಡಿ. ಜೊತೆಗೊಬ್ಬರು ಇರುವುದು, ಓಡಾಡುವುದು, ನೀರು ಕುಡಿಯುವುದು, ತನಗೆ ಹಿತವಾದ ಭಂಗಿಯಲ್ಲಿರುವುದು ಇವೆಲ್ಲ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿರುವ ಸಂಗತಿಗಳು; ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಜೊತೆಗಾರ್ತಿ ಇರಲು 2016ರಿಂದ ಅನುಮತಿಯಿದೆ. ಒಳಪರೀಕ್ಷೆಗೆ ಮುನ್ನ ಹೇಳಿ, ಕೇಳಿ ಮಾಡಿ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಇಷ್ಟೆಲ್ಲ ಹೇಳಿದ ಮೇಲೂ ಮನೆಯಲ್ಲೇ ಬೇನೆ ಶುರುವಾಗಿ ಹೊರಡಲಾಗದ ಸಂದರ್ಭ ಬರಬಹುದು. ಆಗ ನೋವು ಬೇಗ ಬರಲೆಂದು ಯಾರಿಂದಲೂ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಹಳೆಯ ಹೊಲಿಗೆ ಇರುವವರಿಗೆ ಅದು ಮಾರಕವಾಗಬಹುದು. ಹೊಟ್ಟೆಯನ್ನು ಒತ್ತಿಸಿಕೊಳ್ಳಬೇಡಿ, ಕಸವನ್ನು ಬಳ್ಳಿ ಹಿಡಿದು ಎಳೆಯಲು ಬಿಡಬೇಡಿ, ಹೊಕ್ಕುಳಿಗೆ ಏನನ್ನೂ ಹಚ್ಚಬೇಡಿ. ರಸ್ತೆ ತೆರೆದ ಕ್ಷಣ ಹೊರಡಿ, ಮಗು ಹುಟ್ಟಿಯಾಗಿದ್ದರೂ.’

ಕೊನೆಯ ಭಾಗವನ್ನು ಬರೆದದ್ದು ಮನೆ ಹೆರಿಗೆಗೆ ಹಿಂಬಾಗಿಲಿನ ಒಪ್ಪಿಗೆ ಕೊಟ್ಟಂತಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ನಮ್ಮ ಮಾತು ಕೇಳದವರಿಗೂ ಬದುಕುವ ದಾರಿ ತಿಳಿದಿರಬೇಕು.

ಒಂದು ವಾರ ಉತ್ತರವಿರಲಿಲ್ಲ. ಬಳಿಕ ವಸುಧಾ ಫೋನ್ ಮಾಡಿ, ದಾಖಲೆ ಬಂದಿದೆ, ಅಡ್ಡ ಕೊಯ್ತವೇ ಆಗಿದೆ, ಆಸ್ಪತ್ರೆಯಲ್ಲಿ ಸಹಜ ಹೆರಿಗೆಗೆ ಪ್ರಯತ್ನಿಸುವುದಾಗಿ ಒಪ್ಪಿದ್ದೇನೆ ಎಂದರು. ಜೂನ್ ಕೊನೆಗೆ ಪೇಟೆಗೆ ಬಂದರು. 37ನೇ ವಾರದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಅಳೆದ ರಕ್ತದೊತ್ತಡ 152/100 ತೋರಿಸಿತು, ಮೂತ್ರದಲ್ಲಿ ಪ್ರೋಟೀನ್ ಕಂಡಿತು, ಅಂದೇ ದಾಖಲಾದರು. ಗರ್ಭಕೋಶದ ಬಾಯಿ ಇನ್ನೂ ಹದವಾಗಿರಲಿಲ್ಲ. ಔಷಧ ಕೊಟ್ಟು ಬೇನೆ ಬರಿಸಿದರೆ ಹೊಲಿಗೆಯ ಮೇಲೆ ಬೀಳುವ ಒತ್ತಡ, ಕಾದರೆ ಏರುವ ರಕ್ತದೊತ್ತಡ, ಎರಡನ್ನೂ ತಜ್ಞೆ ಕುಳಿತು ವಿವರಿಸಿದರು. ಯೋಚಿಸಲು ಎರಡು ಗಂಟೆ ತೆಗೆದುಕೊಂಡು ವಸುಧಾ ಶಸ್ತ್ರಚಿಕಿತ್ಸೆಗೆ ಸಹಿ ಹಾಕಿದರು. ಮಗು ಆರೋಗ್ಯವಾಗಿದೆ. ಚಿಕ್ಕಮ್ಮನನ್ನು ಥಿಯೇಟರಿನೊಳಗೆ ಬಿಡಲಿಲ್ಲ ಎಂಬ ಅಸಮಾಧಾನ ಅವರಿಗಿದೆ, ಅದು ನ್ಯಾಯವಾದದ್ದೇ.

ಹೆರಿಗೆಯಾದ ಮೂರನೆಯ ದಿನ ರಕ್ತದೊತ್ತಡ ಮತ್ತೆ ಏರಿತು. ಮಗು ಹುಟ್ಟಿದ ಮೇಲೆ ನಂಜಿನ ಭಯ ಮುಗಿಯಿತೆಂದು ಬಹಳ ಮಂದಿ ತಿಳಿಯುತ್ತಾರೆ, ಅದು ಹಾಗಲ್ಲ. ಆದ್ದರಿಂದ ಬಾಣಂತನದ ಮೊದಲ ಆರು ವಾರವೂ ಯಂತ್ರವನ್ನು ಪಕ್ಕದಲ್ಲೇ ಇಟ್ಟುಕೊಳ್ಳುವಂತೆ, ಔಷಧವನ್ನು ತಾವಾಗಿಯೇ ನಿಲ್ಲಿಸದಂತೆ ತಿಳಿಸಿದ್ದೇನೆ. ಅಳೆದು ಬರೆಯುವ ಕೆಲಸವನ್ನು ಈಗ ಅತ್ತೆ ವಹಿಸಿಕೊಂಡಿದ್ದಾರೆ. ಮೊದಲ ಹೆರಿಗೆಯ ಕುರಿತ ಮಾತು ಇನ್ನೂ ಮುಗಿದಿಲ್ಲ, ಅದಕ್ಕಾಗಿ ವಸುಧಾ ತಿಂಗಳಿಗೊಮ್ಮೆ ಫೋನಿನಲ್ಲಿ ಸಿಗುತ್ತಾರೆ.